ಮೇಗುಟಿಯಿಂದ ಬಾದಾಮಿಗೆ

ಐಹೊಳೆ, ಪಟ್ಟದಕಲ್ಲು, ಬಾದಾಮಿಗಳ ಜಿನಾಯತನಗಳನ್ನು ಒಂದೇ ದಿನದಲ್ಲಿ ದರ್ಶಿಸಿ ಛಾಯಾಚಿತ್ರಗಳನ್ನು ತೆಗೆಯಬೇಕೆಂಬ ಆಸೆಯಿಂದ ಒಮ್ಮೆ ಕ್ಯಾಮರಾ ಹಿಡಿದು ಹೊರಟೆನು. ಮುಂಜಾನೆ ಐಹೊಳೆಯ ಗುಡ್ಡವನ್ನೇರಿದಾಗ ಎಳೆಬಿಸಿಲು ಮೇಗುಟಿ ಜಿನಾಲಯದ ಪೂರ್ವದ ಗೋಡೆಯನ್ನು ಬೆಳಗುತ್ತಿತ್ತು. ರವಿಕೀರ್ತಿಯ ಸಂಸ್ಕೃತ ಶಾಸನವಿರುವುದು ಅಲ್ಲಿಯೇ. ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಆ ಕವಿಯು ಈ ಶಿಲಾಮಂದಿರವನ್ನು ಕಟ್ಟಿಸಿದನು. ಹರ್ಷವರ್ಧನನ ಪರಾಜಯವೂ ಕಾಳಿದಾಸ, ಭಾರವಿಯರ ನಾಮಗಳೂ ಅದರಲ್ಲಿ ಉಕ್ತವಾಗಿವೆ.

ಮಧ್ಯಾಹ್ನ ಪಟ್ಟದಕಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಜಿನಾಲಯವನ್ನೂ, ಸಂಜೆ ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥ, ಬಾಹುಬಲಿಯರ ಮೂರ್ತಿಗಳನ್ನೂ ಕಂಡೆನು. ಚಿತ್ರಗಳೇನೋ ಸೊಗಸಾಗಿ ಮೂಡಿದವು. ಆದರೆ ಮೇಗುಟಿಯ ಚಿತ್ರದಡಿಯಲ್ಲಿ ಕಟ್ಟಿಸಿದವನ ಹೆಸರನ್ನೂ ವರ್ಷವನ್ನೂ ನಿಸ್ಸಂದೇಹವಾಗಿ ಬರೆಯಬಹುದಾಗಿತ್ತು. ಪಟ್ಟದಕಲ್ಲಿನ ಚಿತ್ರಕ್ಕೆ ಶೈಲಿಯನ್ನು ನೋಡಿಯೇ ಕಾಲವನ್ನು ಹೇಳಬೇಕಾಯಿತು. ಕಲ್ಲು ರೂಪವನ್ನು ಉಳಿಸುತ್ತದೆ, ಇತಿಹಾಸವನ್ನು ಉಳಿಸುವುದು ಅಕ್ಷರ.

1855ರಲ್ಲಿಯೇ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯು ಐಹೊಳೆ, ಬಾದಾಮಿಗಳ ದೇಗುಲಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಅಂದಿನ ಸ್ಥಿತಿಯನ್ನು ತಿಳಿಯಲು ಅವೇ ಇಂದಿಗೂ ಆಧಾರ.

ಜೀರ್ಣೋದ್ಧಾರವು ಪುಣ್ಯಕಾರ್ಯವೇ ಸರಿ. ಆದರೆ ಸುಣ್ಣ, ಸಿಮೆಂಟುಗಳ ಅಡಿಯಲ್ಲಿ ಒಂದು ಸಾಲು ಶಾಸನ ಮರೆಯಾದರೂ ದಾನಿಯೊಬ್ಬನ ಹೆಸರು ಅಳಿದಂತೆ. ಆದುದರಿಂದ ಶ್ರಾವಕ ಬಂಧುಗಳು ತಮ್ಮೂರ ಬಸದಿಯ ಕೆಲಸಕ್ಕೆ ಕೈಹಚ್ಚುವ ಮುನ್ನ ಪ್ರತಿಯೊಂದು ಕಲ್ಲಿನ ಚಿತ್ರ ತೆಗೆಸಿ, ಊರು, ಸ್ಥಳ, ದಿನಾಂಕಗಳನ್ನು ಬರೆದಿಡಬೇಕೆಂದು ವಿನಂತಿ.