ಚತುರ್ವಿಧ ದಾನವೂ ಬುದ್ಧಿವಿಕಲರ ಪೋಷಣೆಯೂ: ಅರಸೀಕೆರೆ, ಬೇಲೂರು, ಹಳೇಬೀಡುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳನ್ನು ಕುರಿತು ವಿದ್ವಾಂಸರು ಬರೆದುದರಲ್ಲಿ ಬಹುಭಾಗ ಶಿಲ್ಪಕ್ಕೆ ಸಂಬಂಧಿಸಿದುದು. ಇಲ್ಲಿಯ ಶಾಸನಗಳಲ್ಲಿ ಅಡಗಿರುವ ಮತ್ತೊಂದು ವಿಷಯದ ಕಡೆಗೆ ವಾಚಕರ ಗಮನವನ್ನು ಸೆಳೆಯುವುದು ನಮ್ಮ ಉದ್ದೇಶ. ತನ್ನ ಯೋಗಕ್ಷೇಮವನ್ನು ತಾನೇ ನೋಡಿಕೊಳ್ಳಲಾರದವನಿಗಾಗಿ ಸಮಾಜವು ಮುಂದಾಗಿಯೇ ಏನನ್ನು ಏರ್ಪಡಿಸಿಡಬೇಕು, ಅದರ ಹೊಣೆಯನ್ನು ಯಾರಿಗೆ ಒಪ್ಪಿಸಬೇಕು ಎಂಬುದೇ ಆ ವಿಷಯ. ಬುದ್ಧಿಯ ಬೆಳವಣಿಗೆ ಕುಂಠಿತವಾದವರ ವಿಚಾರದಲ್ಲಿ ಈ ಪ್ರಶ್ನೆ ಇಂದಿಗೂ ತೀರ್ಮಾನವಾಗಿಲ್ಲ.

ಕ್ರಿ.ಶ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿ ಅದರ ಸೇವೆಗಾಗಿ ದತ್ತಿಗಳನ್ನು ಬಿಟ್ಟನು. ದತ್ತಿಯ ರೀತಿ ಎಲ್ಲರಿಗೂ ತಿಳಿದುದೇ. ಭೂಮಿಯ ಉತ್ಪನ್ನವನ್ನು ಒಂದು ಉದ್ದೇಶಕ್ಕೆ ಶಾಶ್ವತವಾಗಿ ಕಟ್ಟಿಡುವುದು, ಅದನ್ನು ನಡೆಸತಕ್ಕವರನ್ನು ಗೊತ್ತುಮಾಡುವುದು, ಕಲ್ಲಿನಲ್ಲಿ ಬರೆಯಿಸುವುದು, ಕೆಡಿಸಿದವನಿಗೆ ಶಾಪವನ್ನು ವಿಧಿಸುವುದು. ದಾನಿಯು ಕಾಲವಾದ ಮೇಲೆಯೂ ಧರ್ಮವು ನಡೆಯಬೇಕೆಂಬುದೇ ಇದರ ತಾತ್ಪರ್ಯ. ಹಳೇಬೀಡಿನಲ್ಲಿ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅರಸೀಕೆರೆಯಲ್ಲಿ ರೇಚರಸನು 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಜೈನಧರ್ಮವು ದಾನವನ್ನು ಆಹಾರ, ಅಭಯ, ಔಷಧ, ಶಾಸ್ತ್ರವೆಂದು ನಾಲ್ಕಾಗಿ ವಿಂಗಡಿಸುತ್ತದೆ. ಒಬ್ಬ ಅಸಹಾಯನಿಗೆ ಬೇಕಾದುದನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಈ ದಾನಗಳಲ್ಲಿ ಕೆಲವು ಒಂದೇ ಸ್ಥಳದಲ್ಲಿ ಕೂಡಿಬಂದುದಕ್ಕೆ ಸ್ಪಷ್ಟ ನಿದರ್ಶನವು ಹೊಯ್ಸಳರಾಜಧಾನಿಯ ಹೊರಗೆ, ಈಗಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ದೊರೆಯುತ್ತದೆ. ಅಲ್ಲಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಅದನ್ನು ವಿದ್ಯಾಸ್ಥಾನವೆಂದು ಹೊಗಳುವುದಲ್ಲದೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವನ್ನೀಯುವ ಸ್ಥಾನ, ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನ, ಸಕಲ ಜೀವಿಗಳಿಗೂ ಅಭಯಸ್ಥಾನ ಎಂದು ಹೇಳುತ್ತದೆ. ಶೈವ ಮಠವೊಂದರಲ್ಲಿ ಒಬ್ಬ ಆಚಾರ್ಯನ ಮೇಲ್ವಿಚಾರಣೆಯಲ್ಲಿಯೇ ನಾಲ್ಕೂ ಸೇರಿದ್ದುವೆಂಬುದು ಗಮನಾರ್ಹ. ಆದರೆ ಆ ಪಟ್ಟಿಯಲ್ಲಿ ಬುದ್ಧಿವಿಕಲರ ಹೆಸರು ಪ್ರತ್ಯೇಕವಾಗಿ ಬಂದಿಲ್ಲ. ಕುರುಡೂ ಕುಂಟೂ ನೋಡಿದೊಡನೆ ತಿಳಿಯುವಂತಹವು. ಬುದ್ಧಿಯ ಮಾಂದ್ಯವು ಬಳಕೆಯಿಂದ ಮಾತ್ರ ತಿಳಿಯತಕ್ಕದ್ದು. ಅಂತಹವರ ಭಾರವನ್ನು ಮನೆಯವರೇ ಹೊತ್ತಿದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಕಾಯಿದೆಗಳ ಕಾಲಕ್ಕೆ ಬಂದರೆ, ಇವರಿಗೆ ಹೆಸರು ದೊರೆಯಿತು, ಆದರೆ ಸರಿಯಾದ ಹೆಸರು ದೊರೆಯಲಿಲ್ಲ. 1912ರ ಭಾರತೀಯ ಕಾಯಿದೆಯು ಬುದ್ಧಿಮಾಂದ್ಯನನ್ನೂ ಹುಚ್ಚನನ್ನೂ ಒಂದೇ ಶಬ್ದದಲ್ಲಿ ಅಡಕಮಾಡಿತು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದುವು. 1987ರ ಮಾನಸಿಕ ಆರೋಗ್ಯ ಕಾಯಿದೆಯು ಬುದ್ಧಿಮಾಂದ್ಯವು ಮನೋರೋಗದೊಳಗೆ ಸೇರುವುದಿಲ್ಲವೆಂದು ಅದನ್ನು ಹೊರಗಿಟ್ಟಿತು. ಇದು ಶಾಸ್ತ್ರದೃಷ್ಟಿಯಿಂದ ಯುಕ್ತವೇ; ಆದರೆ ಹೊರಗಿಟ್ಟವರನ್ನು ಒಳಗೆ ಕರೆದುಕೊಳ್ಳಲು ಬೇರೊಂದು ಮನೆ ಬೇಕಾಗಿದ್ದಿತು. 1995ರ ಅಂಗವಿಕಲರ ಕಾಯಿದೆ, 1999ರ ರಾಷ್ಟ್ರೀಯ ಟ್ರಸ್ಟ್ ಕಾಯಿದೆ, 2016ರ ವಿಕಲಚೇತನರ ಹಕ್ಕುಗಳ ಕಾಯಿದೆ, ಇವು ಕ್ರಮೇಣ ಆ ಮನೆಯನ್ನು ಕಟ್ಟಿದುವು. ದಾನವಾಗಿದ್ದುದು ಹಕ್ಕಾಯಿತು. ಇದು ಸಾಮಾನ್ಯವಾದ ಬದಲಾವಣೆಯಲ್ಲ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ಕ್ರಮವು ಬೆಳೆಯಿತು. 1973ರ ಕಾಯಿದೆಯೊಂದರಿಂದ ಪುಷ್ಟಿಗೊಂಡ ಈ ಪದ್ಧತಿಯಲ್ಲಿ, ತಲೆಗಿಷ್ಟೆಂದು ಮೊದಲೇ ಗೊತ್ತುಮಾಡಿದ ಹಣವನ್ನು ಒಂದು ಸಂಸ್ಥೆಗೆ ಒಪ್ಪಿಸಲಾಗುತ್ತದೆ. ವೈದ್ಯ, ಔಷಧ, ಶುಶ್ರೂಷೆಗಳನ್ನೆಲ್ಲ ಆ ಸಂಸ್ಥೆಯೇ ಹೊಂದಿಸಬೇಕು. ಎಂಬತ್ತರ ದಶಕದ ಕೊನೆಯಲ್ಲಿ ಅರಿಜೋನ ಸಂಸ್ಥಾನವು ಬೆಳವಣಿಗೆ ಕುಂಠಿತವಾದವರ ದೀರ್ಘಕಾಲದ ಪೋಷಣೆಯನ್ನೂ ಇದರೊಳಗೆ ತಂದಿತು. ಹೊಣೆಯೆಲ್ಲ ಒಂದೇ ಕೈಯಲ್ಲಿರುವುದು ಇದರ ಗುಣ. ಸೇವೆಯನ್ನು ಕಡಿಮೆಮಾಡಿದಷ್ಟೂ ಹಣ ಉಳಿಯುವುದು ಇದರ ದೋಷ. ದತ್ತಿಯನ್ನು ನುಂಗುವವನ ಭಯವು ಶಾಸನಗಳನ್ನು ಬರೆಯಿಸಿದವರಿಗೂ ಇದ್ದಿತೆಂಬುದನ್ನು ಇಲ್ಲಿ ನೆನೆಯಬಹುದು.

ಈಗ ನಮ್ಮ ಮೂರು ಊರುಗಳಿಗೆ ಮರಳೋಣ. ನಾಲ್ಕು ದಾನಗಳೂ ಇಂದು ಕಾಯಿದೆಯ ರೂಪದಲ್ಲಿವೆ. ಅನ್ನದ ಸ್ಥಾನದಲ್ಲಿ ಮಾಸಾಶನವಿದೆ. ಅದು ಕಂದಾಯ ಇಲಾಖೆಯದು. ಶಾಸ್ತ್ರದ ಸ್ಥಾನದಲ್ಲಿ 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕಿದೆ. ಅದು ಶಿಕ್ಷಣ ಇಲಾಖೆಯದು. ಔಷಧದ ಸ್ಥಾನದಲ್ಲಿ ರಾಷ್ಟ್ರೀಯ ಟ್ರಸ್ಟಿನ ‘ನಿರಾಮಯ’ ವಿಮೆಯಿದೆ. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆಯುಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಇದು ಅನ್ವಯಿಸುತ್ತದೆ. ಮುಂಚಿತವಾದ ವೈದ್ಯಪರೀಕ್ಷೆ ಬೇಡ. ಆದರೆ ಮನೆಯವರು ಮೊದಲು ವೆಚ್ಚಮಾಡಿ ಅನಂತರ ಲೆಕ್ಕವನ್ನೊಪ್ಪಿಸಿ ಹಣ ಪಡೆಯಬೇಕು. ಕೂಲಿಯ ಮನೆಯಲ್ಲಿ ಆ ಮೊದಲ ಹಣ ಎಲ್ಲಿಂದ ಬರಬೇಕು? ಅಭಯದ ಸ್ಥಾನದಲ್ಲಿ ಪಾಲಕನ ನೇಮಕವಿದೆ. ಮಗನಿಗೆ 18 ತುಂಬಿದೊಡನೆ ಕಾಯಿದೆಯ ದೃಷ್ಟಿಯಲ್ಲಿ ತಂದೆತಾಯಿಗಳ ಸಹಜವಾದ ಪಾಲಕತ್ವವು ಮುಗಿಯುತ್ತದೆ. ಮುಂದಿನ ಪಾಲಕನನ್ನು ಜಿಲ್ಲಾಧಿಕಾರಿಯ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ವಿಕಲಚೇತನರೊಬ್ಬರು ಇರುವ ಸ್ಥಳೀಯ ಸಮಿತಿಯು ನೇಮಿಸಬೇಕು. ಅದಕ್ಕಾಗಿ ಈ ಊರುಗಳವರು ಮೂವತ್ತು ನಲವತ್ತು ಕಿಲೋಮೀಟರು ದೂರದ ಹಾಸನಕ್ಕೆ ಹೋಗತಕ್ಕದ್ದು.

ಹೀಗೆ ನಾಲ್ಕು ದಾನಗಳಿಗೆ ನಾಲ್ಕು ಬಾಗಿಲುಗಳಾಗಿವೆ. ಬಾಗಿಲಿಂದ ಬಾಗಿಲಿಗೆ ಅಲೆಯುವ ಶಕ್ತಿ ಯಾರಿಗೆ ಎಲ್ಲರಿಗಿಂತ ಕಡಿಮೆಯೋ ಅವರಿಗಾಗಿಯೇ ಈ ಬಾಗಿಲುಗಳನ್ನು ಇಡಲಾಗಿದೆ. ಸದ್ಯಕ್ಕೆ ಇವುಗಳನ್ನು ಜೋಡಿಸುತ್ತಿರುವ ಸೂತ್ರವೆಂದರೆ ಬಹುಮಟ್ಟಿಗೆ ತಾಯಿಯೊಬ್ಬಳ ಕಾಲುನಡಿಗೆ. ಆಕೆ ತೀರಿಕೊಂಡ ದಿನ ಹಕ್ಕುಗಳು ಉಳಿಯುತ್ತವೆ. ಅವುಗಳನ್ನು ಕೇಳುವ ಬಾಯಿ ಉಳಿಯುವುದಿಲ್ಲ.

ಮಠದ ಅನ್ನಸತ್ರಕ್ಕೆ ಹಿಂದಿರುಗಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ದಾನಿಯ ಕೃಪೆಗಿಂತ ಪ್ರಜೆಯ ಹಕ್ಕು ಮೇಲಾದುದು. ಆದರೆ ಹೊಣೆಗಾರನನ್ನು ಹೆಸರಿಸದೆ ಧರ್ಮವನ್ನು ನಿಯಮಿಸಬಾರದೆಂಬ ಹಿಂದಿನವರ ವಿವೇಕವು ಇಂದಿಗೂ ಗ್ರಾಹ್ಯ. ಕರ್ನಾಟಕದಲ್ಲಿ ತಾಲ್ಲೂಕಿಗೂ ಗ್ರಾಮ ಪಂಚಾಯಿತಿಗೂ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ. ಒಬ್ಬೊಬ್ಬ ಬುದ್ಧಿವಿಕಲನ ನಾಲ್ಕೂ ಹಕ್ಕುಗಳ ಹೊಣೆಯನ್ನು ಆತನ ಜೀವಮಾನಪರ್ಯಂತ ಇಂತಹ ಒಂದು ಹುದ್ದೆಗೆ ಕಟ್ಟಿ, ಅದನ್ನು ವರ್ಷವರ್ಷವೂ ಗ್ರಾಮಸಭೆಯ ಮುಂದೆ ಓದಿ ಹೇಳುವ ಏರ್ಪಾಡಾದರೆ, ಕಲ್ಲಿನ ಶಾಸನವು ಬಯಸಿದ್ದನ್ನು ಕಾಗದದ ಶಾಸನವು ನೆರವೇರಿಸಿದಂತಾಗುವುದು.