ಎಲ್ಲೂ ಸ್ಪರ್ಶಕ ಸಿಗದ ಗೆರೆಯ ಕಥೆ

(1/7)
ಮಾರ್ಜಿನಲ್ ಕಾಸ್ಟ್ ಅಂದ್ರೆ ಏನು? ಟೋಟಲ್ ಕಾಸ್ಟ್ ಕರ್ವ್ ಮೇಲೆ ಒಂದು ಬಿಂದು ಹಿಡಿದು, ಅಲ್ಲಿ ಸ್ಪರ್ಶಕ ಎಳೆದು, ಅದರ ಸ್ಲೋಪ್ ಎಷ್ಟು ಅಂತ ನೋಡೋದು. ಕಾಮರ್ಸ್ ಓದೋರಿಗೆಲ್ಲ ಇದು ಗೊತ್ತು. ಆದರೆ ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲ್ಲ. ಆ ಬಿಂದುವಿನಲ್ಲಿ ಸ್ಪರ್ಶಕ ಇದ್ದೇ ಇರುತ್ತೆ ಅಂತ ಏನು ಗ್ಯಾರಂಟಿ? ಈ ಪ್ರಶ್ನೆಗೆ ಉತ್ತರ ಸಿಗೋಕೆ ಗಣಿತಕ್ಕೇ ನೂರಾರು ವರ್ಷ ಬೇಕಾಯ್ತು. ಇವತ್ತಿನ ಸರಣಿ ಅದರ ಬಗ್ಗೆ.

(2/7)
ಮೊದಲು ವಿಷಯ ಸರಳ ಮಾಡ್ಕೊಳ್ಳೋಣ. ಮೊಬೈಲಲ್ಲಿ ಒಂದು ವೃತ್ತದ ಚಿತ್ರ ತೆಗೆದು ಅದರ ಅಂಚನ್ನ ಝೂಮ್ ಮಾಡ್ತಾ ಹೋಗಿ ಅಂದ್ಕೊಳ್ಳಿ. ಬಾಗು ಕಮ್ಮಿ ಆಗ್ತಾ ಆಗ್ತಾ ಕೊನೆಗೆ ಸೀದಾ ಗೆರೆ ಥರ ಕಾಣುತ್ತೆ. ಆ ಸೀದಾ ಗೆರೆಯೇ ಸ್ಪರ್ಶಕ. ಕರ್ವ್ ನುಣುಪಾಗಿದೆ ಅಂದ್ರೆ ಹೆಚ್ಚುಕಮ್ಮಿ ಇದೇ ಅರ್ಥ. ಈಗ 'ವಿ' ಆಕಾರದ ಗೆರೆ ತಗೊಳ್ಳಿ. ಅದರ ತುದಿಯನ್ನ ಎಷ್ಟು ಝೂಮ್ ಮಾಡಿದ್ರೂ ಅದು 'ವಿ' ಆಗೇ ಉಳಿಯುತ್ತೆ. ಎಡಗಡೆಯಿಂದ ಬಂದ್ರೆ ಒಂದು ಸ್ಲೋಪ್, ಬಲಗಡೆಯಿಂದ ಬಂದ್ರೆ ಇನ್ನೊಂದು. ಗೆರೆ ಎಲ್ಲೂ ತುಂಡಾಗಿಲ್ಲ, ಆದರೂ ಆ ಒಂದು ಮೂಲೆಯಲ್ಲಿ ಸ್ಪರ್ಶಕ ಇಲ್ಲ.

(3/7)
ಹಾಗಾದ್ರೆ ಇಂಥ ಮೂಲೆಗಳು ಎಷ್ಟು ಇರಬಹುದು? ಹತ್ತು? ಸಾವಿರ? 1806ರಲ್ಲಿ ಫ್ರಾನ್ಸಿನ ಆಂಪಿಯರ್ (ಹೌದು, ಕರೆಂಟ್ ಅಳೆಯೋ ಆಂಪಿಯರ್‌ಗೆ ಇವರದ್ದೇ ಹೆಸರು) ಒಂದು ಸಾಧನೆ ಕೊಡೋಕೆ ಹೊರಟರು. ತುಂಡಾಗದ ಗೆರೆಗೆ ಅಲ್ಲೊಂದು ಇಲ್ಲೊಂದು ಬಿಡಿ ಬಿಂದು ಬಿಟ್ರೆ ಉಳಿದ ಕಡೆ ಎಲ್ಲ ಸ್ಪರ್ಶಕ ಇದ್ದೇ ಇರುತ್ತೆ ಅನ್ನೋದು ಅವರ ವಾದ. ಆಗಿನ ಬಹಳ ಜನ ಇದನ್ನ ನಂಬಿದ್ರು. ನಂಬದೇ ಏನು? ಪೆನ್ನಲ್ಲಿ ಗೆರೆ ಎಳೆದು ನೋಡಿ, ನಿಮಗೂ ಹಾಗೇ ಅನ್ಸುತ್ತೆ.

(4/7)
ಈಗ ನಮ್ಮ ಹೀರೋ ಎಂಟ್ರಿ. ಕಾರ್ಲ್ ವೈಯರ್‌ಸ್ಟ್ರಾಸ್, ಹುಟ್ಟಿದ್ದು 1815, ಜರ್ಮನಿ. ಅಪ್ಪ ಇವರನ್ನ ಬಾನ್ ಯೂನಿವರ್ಸಿಟಿಗೆ ಕಳಿಸಿದ್ದು ಕಾನೂನು, ಫೈನಾನ್ಸ್ ಓದೋಕೆ. ಅಂದ್ರೆ ಹೆಚ್ಚುಕಮ್ಮಿ ನಮ್ಮ ಸ್ಟ್ರೀಮೇ! ಇವರು ನಾಲ್ಕು ವರ್ಷ ಕತ್ತಿವರಸೆ, ಬಿಯರು ಅಂತ ಕಳೆದು ಡಿಗ್ರಿ ಇಲ್ಲದೇ ಮನೆಗೆ ವಾಪಸ್. ಆಮೇಲೆ ಟೀಚರ್ ಪರೀಕ್ಷೆ ಪಾಸ್ ಮಾಡಿ, ಹತ್ತಕ್ಕೂ ಹೆಚ್ಚು ವರ್ಷ ಸಣ್ಣ ಊರುಗಳ ಶಾಲೆಯಲ್ಲಿ ಪಾಠ ಮಾಡಿದ್ರು. ಗಣಿತದ ಜೊತೆ ಕೈಬರಹ, ವ್ಯಾಯಾಮ ಕೂಡ ಹೇಳಿಕೊಡಬೇಕಿತ್ತು. 1854ರಲ್ಲಿ ಬಂದ ಒಂದೇ ಒಂದು ಲೇಖನ ಅವರಿಗೆ ಗೌರವ ಡಾಕ್ಟರೇಟ್ ತಂದುಕೊಡ್ತು. 1856ರ ಹೊತ್ತಿಗೆ ಬರ್ಲಿನ್‌ನಲ್ಲಿದ್ರು.

(5/7)
1872ರ ಜುಲೈ 18. ಬರ್ಲಿನ್‌ನ ವಿಜ್ಞಾನ ಅಕಾಡೆಮಿಯಲ್ಲಿ ಅವರು ಒಂದು ಗೆರೆ ಮುಂದಿಟ್ರು. ಮಾಡೋ ವಿಧಾನ ಹೀಗೆ: ಒಂದು ಕೊಸೈನ್ ಅಲೆ ತಗೊಳ್ಳಿ. ಅದರ ಮೇಲೆ ಅರ್ಧ ಎತ್ತರದ, ಆದರೆ 13 ಪಟ್ಟು ಬೇಗ ಏರಿಳಿಯೋ ಅಲೆ ಕೂಡಿಸಿ. ಅದರ ಮೇಲೆ ಮತ್ತೆ ಅರ್ಧ ಎತ್ತರದ, ಮತ್ತೆ 13 ಪಟ್ಟು ಬೇಗದ್ದು. ಹೀಗೇ ಕೊನೆಯಿಲ್ಲದೆ. (13 ನಾನು ಆರಿಸಿದ ಉದಾಹರಣೆ. ಅವರ ನಿಯಮಕ್ಕೆ ಸರಿ ಹೊಂದುತ್ತೆ.)
ಎತ್ತರದ ಲೆಕ್ಕ: 1 + 1/2 + 1/4 + ... ಎಷ್ಟು ಕೂಡಿಸಿದ್ರೂ 2 ದಾಟಲ್ಲ. ಅದಕ್ಕೇ ಗೆರೆ ಎಲ್ಲೂ ತುಂಡಾಗಲ್ಲ.
ಸ್ಲೋಪ್ ಲೆಕ್ಕ: ಪ್ರತಿ ಹೊಸ ಅಲೆ ಹಿಂದಿನದ್ದಕ್ಕಿಂತ 13/2, ಅಂದ್ರೆ 6.5 ಪಟ್ಟು ಕಡಿದು. ಈ ಸ್ಲೋಪ್‌ಗಳು ಯಾವ ಒಂದು ಸಂಖ್ಯೆಗೂ ಬಂದು ನಿಲ್ಲಲ್ಲ ಅಂತ ಅವರು ಸಾಧಿಸಿದ್ರು. ಒಂದೊಂದೇ ಅಲೆ ನೋಡಿದ್ರೆ ಬೆಣ್ಣೆಯಷ್ಟು ನುಣುಪು. ಎಲ್ಲ ಸೇರಿದ ಗೆರೆಗೆ ಮಾತ್ರ ಒಂದು ಬಿಂದುವಿನಲ್ಲೂ ಸ್ಪರ್ಶಕ ಇಲ್ಲ. ಎಷ್ಟು ಝೂಮ್ ಮಾಡಿದ್ರೂ ಒಳಗೆ ಮತ್ತೆ ಏರಿಳಿತ.

(6/7)
ಎಲ್ಲರೂ ಚಪ್ಪಾಳೆ ಹೊಡೀಲಿಲ್ಲ. ಹರ್ಮೀಟ್ ಅನ್ನೋ ದೊಡ್ಡ ಫ್ರೆಂಚ್ ಗಣಿತಜ್ಞ 1893ರಲ್ಲೂ ಒಂದು ಪತ್ರದಲ್ಲಿ ಇಂಥವನ್ನ ಪಿಡುಗು ಅಂತ ಕರೆದು, ನೋಡಿದ್ರೆ ಭಯ ಆಗುತ್ತೆ ಅನ್ನೋ ಅರ್ಥದಲ್ಲಿ ಬರೆದ್ರು. ಇನ್ನೊಂದು ಬೇಜಾರಿನ ವಿಷಯ: ಪ್ರಾಗ್ ನಗರದ ಬೊಲ್ಜಾನೊ ಇಂಥದ್ದೇ ಒಂದು ಗೆರೆಯನ್ನ 1830ರ ಸುಮಾರಿಗೇ ಕಟ್ಟಿದ್ರು. ತಮ್ಮ ವಿಚಾರಗಳಿಗಾಗಿ 1819ರಲ್ಲೇ ಪ್ರೊಫೆಸರ್ ಕೆಲಸ ಕಳ್ಕೊಂಡಿದ್ದ ಮನುಷ್ಯ. ಆ ಹಸ್ತಪ್ರತಿ ಅವರು ಬದುಕಿರುವಾಗ ಅಚ್ಚಾಗಲೇ ಇಲ್ಲ. ಲೋಕಕ್ಕೆ ಗೊತ್ತಾಗಿದ್ದು 1920ರ ದಶಕದಲ್ಲಿ.

(7/7)
'ಸರಿ ಗುರು, ಇದರಿಂದ ನಮಗೇನು?' ಅಂತೀರಾ? ನಿಮ್ಮ ಟ್ರೇಡಿಂಗ್ ಆ್ಯಪ್ ತೆಗೀರಿ.
1900ರಲ್ಲಿ ಲೂಯಿ ಬಾಶೆಲಿಯೆ ಪ್ಯಾರಿಸ್ ಷೇರುಪೇಟೆಯ ಬೆಲೆಗಳ ಮೇಲೆ ಪಿಎಚ್‌ಡಿ ಪ್ರಬಂಧ ಬರೆದ್ರು. ಬೆಲೆ ಪ್ರತಿ ಕ್ಷಣವೂ ಯಾದೃಚ್ಛಿಕವಾಗಿ ಮೇಲೆ ಕೆಳಗೆ ಹೋಗುತ್ತೆ ಅನ್ನೋ ಮಾದರಿ ಅದು. ಅಂಥ ಓಟವನ್ನ 1923ರಲ್ಲಿ ನಾರ್ಬರ್ಟ್ ವೀನರ್ ಗಟ್ಟಿ ಗಣಿತವಾಗಿ ಕಟ್ಟಿದ್ರು. 1933ರಲ್ಲಿ ಅವರೂ ಪೇಲಿ, ಜಿಗ್ಮಂಡ್ ಅನ್ನೋರೂ ಸೇರಿ ಆ ಗೆರೆಗೆ ಎಲ್ಲೂ ಸ್ಪರ್ಶಕ ಇರಲ್ಲ ಅಂತ ತೋರಿಸಿದ್ರು. ಆಪ್ಷನ್ ಬೆಲೆ ಕಟ್ಟೋ 1973ರ ಬ್ಲ್ಯಾಕ್-ಶೋಲ್ಸ್ ಸೂತ್ರ ನಿಂತಿರೋದು ಇದೇ ಥರದ ಗೆರೆ ಮೇಲೆ. ಹರ್ಮೀಟ್ ಹೆದರಿದ ಪಿಡುಗು ಈಗ ಫೈನಾನ್ಸ್ ಸಿಲೆಬಸ್!
ಮಾದರಿ ಅಂದ್ರೆ ಮಾದರಿ ಅಷ್ಟೇ, ನಿಜವಾದ ಪೇಟೆ ಪೂರ್ತಿ ಹಾಗೇ ಇರಲ್ಲ. ಆದ್ರೆ ಅದು ಹೇಳೋ ಒಂದು ಮಾತು ನೆನಪಿಡಿ: ಇಂಥ ಗೆರೆಗೆ 'ಈ ಕ್ಷಣದ ದಿಕ್ಕು' ಅನ್ನೋದೇ ಇಲ್ಲ. ಒಂದು ನಿಮಿಷದ ಚಾರ್ಟ್ ಮೇಲೆ ಗೆರೆ ಎಳೆದು 'ಇಲ್ಲಿಂದ ಮೇಲಕ್ಕೇ' ಅನ್ನೋರು ಸ್ಪರ್ಶಕ ಇಲ್ಲದ ಕಡೆ ಸ್ಪರ್ಶಕ ಎಳೀತಿರಬಹುದು. ಸೆಬಿ 2024ರಲ್ಲಿ ಕೊಟ್ಟ ಲೆಕ್ಕ ನೋಡಿ: ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಕೈಯಾಡಿಸಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ 93% ಜನ ದುಡ್ಡು ಕಳ್ಕೊಂಡಿದ್ದಾರೆ.
ಹಾಸ್ಟೆಲ್ ಫೀಸ್ ದುಡ್ಡು ಹಾಕೋಕೆ ರೆಡಿಯಾಗಿರೋ ಫ್ರೆಂಡ್ ಒಬ್ಬರು ನಿಮಗೂ ಇರ್ತಾರೆ. ಅವರಿಗೆ ಇದನ್ನ ಕಳಿಸಿ.