ಹಿಮ ಕಚ್ಚುವ ಸರಪಳಿ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಹೋದಾಗಲೆಲ್ಲ ಹೊಯ್ಸಳೇಶ್ವರದ ಭಿತ್ತಿಯ ಮಹಾಭಾರತ ರಥಗಳಲ್ಲಿ ನಾನು ವೀರರಿಗಿಂತ ಗಾಲಿಗಳನ್ನೇ ನೋಡುತ್ತೇನೆ. ಕರ್ಣನ ಗಾಲಿಯನ್ನು ನೆಲ ಹಿಡಿದುಕೊಂಡಿತು. ಹಿಮದಲ್ಲಾದರೆ ಗಾಲಿಗೆ ನೆಲವೇ ಸಿಗದು, ನಿಂತಲ್ಲೇ ತಿರುಗುತ್ತದೆ. ಅದಕ್ಕೇ ಟೈರಿಗೆ ಕಬ್ಬಿಣದ ಸರಪಳಿ ಸುತ್ತುವುದು. ಕೊಂಡಿಗಳು ಹಿಮವನ್ನು ಕಚ್ಚುತ್ತವೆ. ಟ್ಯಾಂಕಿಗಂತೂ ಚೈನೇ ಕಾಲು.

1948ರ ನವೆಂಬರ್ 1ರಂದು ಮಡಿಕೇರಿಯ ತಿಮ್ಮಯ್ಯನವರು ಸುಮಾರು 11,500 ಅಡಿ ಎತ್ತರದ ಜೋಜಿ ಲಾಕ್ಕೆ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದರು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಜಾಡನ್ನು ಟ್ಯಾಂಕು ಹತ್ತುವಂತೆ ಅಗಲಿಸಿದವರು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಬೇಲೂರಿನ ಮದನಿಕೆಗಳ ಅಡಿಯಲ್ಲಿ ದಾಸೋಜ, ಚಾವಣರ ಹೆಸರು ಕೆತ್ತಿದೆ. ನಾನು ಓದಿದ ಪಠ್ಯಗಳಲ್ಲಿ ಸ್ಯಾಪರ್‌ಗಳಿಗೆ ಅಷ್ಟು ಜಾಗವೂ ಇರಲಿಲ್ಲ. ಅವರು ಕಡಿದ ದಾರಿಯಿಂದಲೇ ಆ ತಿಂಗಳೊಳಗೆ ಲೇಹ್‌ನ ಸಂಪರ್ಕ ಮರಳಿ ಕೂಡಿತು.